ಹೊಸಬರು ಮೊದಲು ತಾವೇ ಸುತ್ತಲಿ, ಆಮೇಲೆ ಕಂಪ್ಯೂಟರ್ ಮುಂದೆ ಕೂರಲಿ

ಪ್ರಶ್ನೆ: ನಾನು ಒಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಈಚೆಗೆ ಸಹಾಯಕ ಗ್ರಂಥಪಾಲಕಿಯಾಗಿ ಸೇರಿದ್ದೇನೆ. ನಮ್ಮಲ್ಲಿ 30 ಕಂಪ್ಯೂಟರ್‌ಗಳಿರುವ ಒಂದು ತರಗತಿ ಕೋಣೆ ಇದೆ. ವರ್ಷದ ಮೊದಲ ಎರಡು ವಾರ ಬಿಟ್ಟರೆ ಉಳಿದಂತೆ ಅದಕ್ಕೆ ಬೀಗ. ಆ ಎರಡು ವಾರ ಹೊಸ ವಿದ್ಯಾರ್ಥಿಗಳನ್ನು 60 ಜನರ ಗುಂಪು ಮಾಡಿ ಲೈಬ್ರರಿಯೆಲ್ಲ ಸುತ್ತಿಸುತ್ತೇವೆ. ಕೊನೆಗೆ ಒಂದೊಂದು ಕಂಪ್ಯೂಟರ್ ಮುಂದೆ ಇಬ್ಬಿಬ್ಬರನ್ನು ಕೂರಿಸಿ ಲೇಖನ ಹುಡುಕುವ ಡೇಟಾಬೇಸ್‌ಗಳ ಬಗ್ಗೆ ಒಂದು ಗಂಟೆ ಹೇಳುತ್ತೇವೆ. ತಿಂಗಳು ಕಳೆಯುವುದರೊಳಗೆ ಅವರೇ ಬಂದು "ಪುಸ್ತಕ ಎಲ್ಲಿ ಹುಡುಕಬೇಕು" ಎಂದು ಕೇಳುತ್ತಾರೆ. ಕೋಣೆಯನ್ನು ಬೇರೆ ವಿಭಾಗಕ್ಕೆ ಬಿಟ್ಟುಕೊಡಿ ಎಂದು ಸಮಿತಿಯಲ್ಲಿ ಮಾತು ಬಂದಿದೆ. ವಿದ್ಯಾರ್ಥಿಗಳು ತಾವೇ ಸುತ್ತಿ ನೋಡುವ "ಸೆಲ್ಫ್ ಗೈಡೆಡ್ ಟೂರ್" ಮಾಡಿದರೆ ಸಾಕು, ತರಗತಿಯೇ ಬೇಡ ಎನ್ನುವವರೂ ಇದ್ದಾರೆ. ಏನು ಮಾಡಲಿ?

ಉತ್ತರ: ಕೋಣೆ ಬಿಟ್ಟುಕೊಡಬೇಡಿ. ಸ್ವಯಂ ಸುತ್ತನ್ನೂ ಶುರುಮಾಡಿ. ಸುತ್ತಿನ ಕೆಲಸ ಮುಗಿಯುವ ಜಾಗದಲ್ಲೇ ತರಗತಿಯ ಕೆಲಸ ಆರಂಭವಾಗುತ್ತದೆ, ಹಾಗಾಗಿ ಒಂದಿದ್ದರೆ ಇನ್ನೊಂದು ಬೇಡ ಎನ್ನುವ ಮಾತೇ ಬರುವುದಿಲ್ಲ. ನಿಮ್ಮಲ್ಲಿ ಈಗ ಎರಡನ್ನೂ ಒಂದೇ ದಿನ, ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದೀರಿ. ತೊಂದರೆ ಇರುವುದು ಅಲ್ಲಿ.

60 ಜನ ಒಬ್ಬರ ಹಿಂದೆ ನಡೆಯುವುದನ್ನು ಒಮ್ಮೆ ಹಿಂದಿನ ಸಾಲಿನಲ್ಲಿ ನಿಂತು ನೋಡಿ. ಸದ್ದು ಮಾಡಬಾರದ ಜಾಗ, ಆದ್ದರಿಂದ ನೀವು ದನಿ ಏರಿಸುವಂತಿಲ್ಲ. ಕಪಾಟುಗಳ ನಡುವಿನ ಓಣಿಯಲ್ಲಿ ಹತ್ತು ಜನ ನಿಂತರೆ ಹನ್ನೊಂದನೆಯವರಿಗೆ ಏನೂ ಕಾಣುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ದಿನ ಅವರಿಗೆ ಯಾವ ಪುಸ್ತಕವೂ ಬೇಕಾಗಿರುವುದಿಲ್ಲ. ಬೇಕಿಲ್ಲದ ದಿನ ಕೇಳಿಸಿಕೊಂಡದ್ದು ಬೇಕಾದ ದಿನ ನೆನಪಿಗೆ ಬರುವುದಿಲ್ಲ.

ಇನ್ನೊಂದು ಸಂಗತಿ ಕಣ್ಣಿಗೆ ಕಾಣದೆ ಕೆಲಸ ಮಾಡುತ್ತದೆ: ಭಯ. ಕಾನ್‌ಸ್ಟನ್ಸ್ ಮೆಲನ್ ಎಂಬ ಅಮೆರಿಕದ ಸಂಶೋಧಕಿ ಎರಡು ವರ್ಷ ಕಾಲ ಸುಮಾರು 6000 ವಿದ್ಯಾರ್ಥಿಗಳ ಬರಹಗಳನ್ನು ಓದಿ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಲೈಬ್ರರಿಯಲ್ಲಿ ಮೊದಲ ಬಾರಿ ಹುಡುಕಲು ಹೋದಾಗ ಏನನ್ನಿಸಿತು ಎಂದು ಬರೆಯುವಾಗ ಅವರಲ್ಲಿ ಶೇ. 75ರಿಂದ 85ರಷ್ಟು ಮಂದಿ ಬಳಸಿದ್ದು ಭಯ, ಗೊಂದಲ, ದಿಕ್ಕು ತಪ್ಪಿದ ಅನುಭವದ ಮಾತುಗಳನ್ನೇ. ಉಳಿದವರಿಗೆಲ್ಲ ಗೊತ್ತಿದೆ, ತನಗೊಬ್ಬನಿಗೇ ಗೊತ್ತಿಲ್ಲ. ಗೊತ್ತಿಲ್ಲದಿರುವುದು ನಾಚಿಕೆಯ ವಿಷಯ. ಕೇಳಿದರೆ ಗುಟ್ಟು ರಟ್ಟಾಗುತ್ತದೆ. ಅವರ ಮನಸ್ಸಿನಲ್ಲಿದ್ದದ್ದು ಇಷ್ಟು. ನಲವತ್ತು ವರ್ಷಗಳಾದರೂ ಈ ಮಾತು ಹಳತಾಗಿಲ್ಲ. ನಿಮ್ಮ ಗುಂಪು ಸುತ್ತಿನ ಕೊನೆಗೆ "ಏನಾದರೂ ಪ್ರಶ್ನೆ ಇದೆಯೇ" ಎಂದಾಗ ಎಷ್ಟು ಕೈ ಮೇಲೇಳುತ್ತವೆ ಎಂದು ನೆನಪಿಸಿಕೊಳ್ಳಿ. ಸ್ವಯಂ ಸುತ್ತಿನ ದೊಡ್ಡ ಗುಣ ಸಿಬ್ಬಂದಿಯ ಸಮಯ ಉಳಿಯುವುದಲ್ಲ. ಗೊತ್ತಿಲ್ಲದವರು ಯಾರ ಕಣ್ಣಿಗೂ ಬೀಳದೆ ಗೊತ್ತುಮಾಡಿಕೊಳ್ಳಬಹುದು, ತಪ್ಪು ಓಣಿಗೆ ಹೋಗಿ ವಾಪಸ್ ಬರಬಹುದು, ಒಂದೇ ಫಲಕವನ್ನು ಮೂರು ಸಲ ಓದಬಹುದು.

ಆದರೆ ಹೆಚ್ಚಿನ ಕಡೆ ಸ್ವಯಂ ಸುತ್ತು ಎಂದರೆ ಕಟ್ಟಡದ ಪಟ್ಟಿ: ಇದು ನಿಯತಕಾಲಿಕ ವಿಭಾಗ, ಇದು ರೆಫರೆನ್ಸ್ ವಿಭಾಗ, ಇದು ಇಷ್ಟು ಹೊತ್ತಿಗೆ ತೆರೆಯುತ್ತದೆ. ಇಂಥದ್ದನ್ನು ಓದಿ ಯಾರೂ ಏನೂ ಕಲಿಯುವುದಿಲ್ಲ. ಸುತ್ತನ್ನು ಒಂದು ಹುಡುಕಾಟದ ಜಾಡಿನ ಮೇಲೆ ಕಟ್ಟಿ. ಬಾಗಿಲಲ್ಲಿ ಕೈಗೆ ಹಾಳೆ ಸಿಗಬೇಕು; ಕ್ಯಾಟಲಾಗ್ ಕಂಪ್ಯೂಟರಿನಲ್ಲಿ ತಮ್ಮದೇ ವಿಷಯದ ಒಂದು ಪುಸ್ತಕ ಹುಡುಕಿ ಅದರ ಕಾಲ್ ನಂಬರ್, ಅಂದರೆ ಕಪಾಟಿನಲ್ಲಿ ಅದರ ಜಾಗ ಹೇಳುವ ಸಂಖ್ಯೆ, ಬರೆದುಕೊಳ್ಳಬೇಕು; ಆ ನಂಬರ್ ಹಿಡಿದು ಕಪಾಟಿನವರೆಗೆ ಹೋಗಬೇಕು; ಪುಸ್ತಕದ ಎಡಬಲದಲ್ಲಿ ಏನಿದೆ ಎಂದು ನೋಡಬೇಕು; ಅಲ್ಲಿಂದ ನಿಯತಕಾಲಿಕಗಳಿಗೆ, ಪ್ರಿಂಟರ್ ಹತ್ತಿರಕ್ಕೆ, ಇಶ್ಯೂ ಕೌಂಟರಿಗೆ. ಏಳೆಂಟು ತಾಣ, ಅರ್ಧ ಗಂಟೆ. ಅದಕ್ಕಿಂತ ಉದ್ದವಾದರೆ ಮಧ್ಯದಲ್ಲೇ ಬಿಟ್ಟು ಹೋಗುತ್ತಾರೆ.

ಎಲ್ಲರಿಗೂ ಒಂದೇ ಪುಸ್ತಕ ಹುಡುಕಲು ಹೇಳುವ ತಪ್ಪನ್ನು ಮಾತ್ರ ಮಾಡಬೇಡಿ. ಅದನ್ನು ಯಾರಾದರೂ ಎರವಲು ಒಯ್ದರೆ, ಅಥವಾ ನೋಡಿದವರು ಬೇರೆ ಕಡೆ ಇಟ್ಟರೆ, ಸುತ್ತು ಅಲ್ಲೇ ಕಡಿದುಹೋಗುತ್ತದೆ. ತಮ್ಮ ತಮ್ಮ ವಿಷಯದ ಪುಸ್ತಕ ಎಂದರೆ ಗುಂಪೂ ತಾನಾಗಿ ಚದುರುತ್ತದೆ, ಒಂದೇ ಕಪಾಟಿನ ಮುಂದೆ ನೂಕುನುಗ್ಗಲು ಆಗುವುದಿಲ್ಲ. ಅಷ್ಟೇ ಅಲ್ಲ, ತನಗೆ ಬೇಕಾದ ಪುಸ್ತಕ ತನ್ನ ಕೈಗೇ ಸಿಕ್ಕಿದಾಗ ಆಗುವ ಸಂತೋಷವನ್ನು ಯಾವ ಫಲಕವೂ ಕೊಡಲಾರದು.

ಕಪಾಟಿನ ತಾಣದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿಸಿ. ಹೊಸಬರು ಸೋಲುವುದು ಇಲ್ಲಿಯೇ. ಮೆಲ್ವಿಲ್ ಡ್ಯೂಯಿ 1876ರಲ್ಲಿ ಹೊರತಂದ, ಪುಸ್ತಕಗಳಿಗೆ ವಿಷಯದ ಪ್ರಕಾರ ಸಂಖ್ಯೆ ಕೊಡುವ ದಶಮಾಂಶ ವರ್ಗೀಕರಣವನ್ನು ನೀವು ಬಳಸುತ್ತಿದ್ದರೆ, ಈ ಒಂದು ಪ್ರಶ್ನೆ ಇಡಿ: 330.15 ಮೊದಲು ಬರುತ್ತದೆಯೋ, 330.9 ಮೊದಲು ಬರುತ್ತದೆಯೋ? ಹದಿನೈದು ಒಂಬತ್ತಕ್ಕಿಂತ ದೊಡ್ಡದು, ಆದ್ದರಿಂದ 330.9 ಮೊದಲು ಎಂದು ಬಹಳ ಮಂದಿ ಹೇಳುತ್ತಾರೆ. ಬಿಂದುವಿನ ನಂತರದ್ದು ಪೂರ್ಣ ಸಂಖ್ಯೆಯಲ್ಲ, ದಶಮಾಂಶ. ಒಂದೊಂದೇ ಅಂಕಿ ನೋಡುತ್ತಾ ಹೋಗಬೇಕು. ಒಂದಕ್ಕಿಂತ ಒಂಬತ್ತು ದೊಡ್ಡದು, ಹಾಗಾಗಿ 330.15 ಮೊದಲು. ಅರ್ಥಶಾಸ್ತ್ರದ ಚಿಂತನಾ ಪಂಥಗಳ ಪುಸ್ತಕಗಳೂ (330.15) ದೇಶಗಳ ಆರ್ಥಿಕ ಪರಿಸ್ಥಿತಿಯ ಪುಸ್ತಕಗಳೂ (330.9) ಒಂದೇ 330ರಲ್ಲಿದ್ದರೂ ನಡುವೆ ಎಷ್ಟೋ ಅಡಿ ದೂರವಿರುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ವರ್ಗೀಕರಣ ಇರುವ ಕಡೆ ಇದು ಇನ್ನೂ ಒಂದು ಹೆಜ್ಜೆ ಕಷ್ಟ. ಅಲ್ಲಿ ಅಕ್ಷರಗಳ ನಂತರದ ಸಂಖ್ಯೆ ಪೂರ್ಣ ಸಂಖ್ಯೆ, ಕ್ಯೂಎ 9 ಮುಗಿದ ಮೇಲೆಯೇ ಕ್ಯೂಎ 76. ಆದರೆ ಮುಂದೆ ಬರುವ ಲೇಖಕರ ಗುರುತನ್ನು ಮತ್ತೆ ದಶಮಾಂಶದ ಹಾಗೆಯೇ ಓದಬೇಕು. ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ರಟ್ಟಿನ ಐದು ಚೀಟಿಗಳಲ್ಲಿ ಐದು ನಂಬರ್ ಬರೆದಿಡಿ, ಕ್ರಮವಾಗಿ ಜೋಡಿಸಲಿ, ಚೀಟಿಗಳ ಹಿಂದೆ ಸರಿಯುತ್ತರ ಇರಲಿ. ಎರಡು ನಿಮಿಷದ ಕೆಲಸ, ನಾಲ್ಕು ವರ್ಷ ಉಪಯೋಗಕ್ಕೆ ಬರುತ್ತದೆ.

ಫಲಕದಲ್ಲಿ ಬರೆಯುವಾಗ ನಾಲ್ಕು ವಿಷಯ ಇದ್ದರೆ ಸಾಕು: ಈಗ ಎಲ್ಲಿದ್ದೀರಿ, ಇಲ್ಲಿ ಏನು ಸಿಗುತ್ತದೆ, ಈಗಲೇ ಏನು ಮಾಡಿ ನೋಡಬೇಕು, ಮುಂದೆ ಯಾವ ಕಡೆ. ಕೊನೆಯದನ್ನೇ ಮರೆಯುವವರು ಬಹಳ. ಗ್ರಂಥಪಾಲಕರ ಪರಿಭಾಷೆ ಬೇಡ. ಮೊದಲ ದಿನ ಬಂದವರಿಗೆ "ಓಪ್ಯಾಕ್" ಎಂದರೆ ಏನೂ ತಿಳಿಯದು. "ಪುಸ್ತಕ ಹುಡುಕುವ ಕಂಪ್ಯೂಟರ್" ಎಂದು ಬರೆಯಿರಿ, ಕೆಳಗೆ ಬೇಕಾದರೆ ಓಪ್ಯಾಕ್ ಎನ್ನಿ.

ಕ್ಯೂಆರ್ ಕೋಡ್ ಹಾಕುವ ಯೋಚನೆ ನಿಮಗಿದ್ದೇ ಇರುತ್ತದೆ. ಹಾಕಿ, ಆದರೆ ಅದರ ಮೇಲೆಯೇ ಭಾರ ಹಾಕಬೇಡಿ. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿ ಇದನ್ನು ಮಾಡಿದ್ದು ಕಾರಿನ ಬಿಡಿಭಾಗಗಳ ಲೆಕ್ಕಕ್ಕೆ. ಕಾರ್ಖಾನೆಯಲ್ಲಿ ಎಣ್ಣೆ, ಧೂಳು ಮೆತ್ತಿಕೊಳ್ಳುತ್ತದೆ ಎಂದೇ ಅದರಲ್ಲಿ ತಪ್ಪು ಸರಿಪಡಿಸುವ ನಾಲ್ಕು ಮಟ್ಟಗಳಿವೆ. ಅತಿ ಹೆಚ್ಚಿನ "ಎಚ್" ಮಟ್ಟದಲ್ಲಿ ಸುಮಾರು ಶೇ. 30 ಭಾಗ ಹಾಳಾದರೂ ಓದಬಹುದು. ನೂರಾರು ಕೈ ತಾಗುವ ಫಲಕಕ್ಕೆ ಅದನ್ನೇ ಆರಿಸಿ. ಸುತ್ತಲೂ ಕೋಡಿನ ನಾಲ್ಕು ಪುಟ್ಟ ಚೌಕಗಳಷ್ಟು ಅಗಲದ ಬಿಳಿ ಅಂಚು ಉಳಿಯಲಿ, ವಿನ್ಯಾಸದ ಚಂದಕ್ಕಾಗಿ ಅದನ್ನು ಕತ್ತರಿಸಬೇಡಿ. ಒಂದು ಮೀಟರ್ ದೂರದಿಂದ ಓದಬೇಕಾದರೆ ಕೋಡ್ ಸುಮಾರು 10 ಸೆಂ.ಮೀ. ಅಗಲ ಇರಲಿ. ಹೊಳೆಯುವ ಲ್ಯಾಮಿನೇಶನ್ ಮೇಲೆ ದೀಪದ ಬೆಳಕು ಬಿದ್ದರೆ ಕ್ಯಾಮೆರಾ ತಡವರಿಸುತ್ತದೆ, ಮಂದ ಹೊದಿಕೆ ಒಳ್ಳೆಯದು. ಬಹು ಮುಖ್ಯವಾದದ್ದು: ಕೋಡ್ ನಿಮ್ಮ ಗ್ರಂಥಾಲಯದ ಸ್ವಂತ ವೆಬ್ ವಿಳಾಸಕ್ಕೇ ಹೋಗಬೇಕು. ಬಿಟ್ಟಿ ಸೇವೆಗಳಲ್ಲಿ ಮಾಡಿದ ಕೋಡ್‌ಗಳು ಅವಧಿ ಮುಗಿದೊಡನೆ ನಿಂತುಹೋಗಬಹುದು, ಆಗ ಎಲ್ಲ ಫಲಕಗಳನ್ನೂ ಮತ್ತೆ ಮುದ್ರಿಸಬೇಕು.

ಉಕ್ಕಿನ ಕಪಾಟುಗಳ ನಡುವೆ, ಅದರಲ್ಲೂ ನೆಲಮಾಳಿಗೆಯಲ್ಲಿ, ವೈಫೈ ಸಿಗುವುದೇ ಕಷ್ಟ. ಎಲ್ಲರ ಫೋನಿನಲ್ಲೂ ಡೇಟಾ ಇರುತ್ತದೆ ಎಂದುಕೊಳ್ಳುವುದೂ ಸರಿಯಲ್ಲ. ಮಡಚಿದ ಒಂದು ಹಾಳೆಯಲ್ಲಿ ಇಡೀ ಸುತ್ತು ಮುಗಿಯುವಂತಿರಲಿ. ಫೋನಿನಲ್ಲಿ ಸಿಗುವುದು ಅದರ ಮೇಲಿನ ಹೆಚ್ಚುವರಿ. ಧ್ವನಿಮುದ್ರಣ ಇಟ್ಟರೆ ಒಂದು ತಾಣಕ್ಕೆ ಒಂದು ನಿಮಿಷ ಮೀರದಿರಲಿ, ಅದರ ಮಾತುಗಳ ಬರಹವೂ ಜೊತೆಗಿರಲಿ. ಗಾಲಿಕುರ್ಚಿಯಲ್ಲಿ ಬರುವವರ ಜಾಡು ಬೇರೆ ಹಾಳೆಯಲ್ಲಿ ಬೇಡ. ಎಲ್ಲರ ಜಾಡನ್ನೇ ಲಿಫ್ಟ್ ಮೂಲಕ ಹಾಕಿ.

ಕೊನೆಯ ತಾಣ ಸಹಾಯ ಮೇಜು. ಇಲ್ಲಿ ಯಂತ್ರವಲ್ಲ, ಮನುಷ್ಯರು ಇರಬೇಕು, ಮುಖ ಎತ್ತಿ ಮಾತಾಡಿಸಬೇಕು. ವಿದ್ಯಾರ್ಥಿ ಹಾಳೆಯ ಕೊನೆಯ ಸಾಲಿನಲ್ಲಿ "ನನಗೆ ಇನ್ನೂ ಗೊತ್ತಾಗದ ಒಂದು ವಿಷಯ" ಎಂದು ಒಂದು ವಾಕ್ಯ ಬರೆದು, ಆ ಭಾಗವನ್ನು ಹರಿದು ಇಲ್ಲಿ ಕೊಡುತ್ತಾರೆ. ಹೆಸರು ಬೇಡ, ತರಗತಿ ಯಾವುದು ಎಂದಿದ್ದರೆ ಸಾಕು. ಅಂಕ, ಬಹುಮಾನ, ಶಿಕ್ಷೆ ಯಾವುದನ್ನೂ ಇದಕ್ಕೆ ಅಂಟಿಸಬೇಡಿ. ಅಂಕ ಇಟ್ಟ ದಿನವೇ ಒಬ್ಬರ ಹಾಳೆಯನ್ನು ಹತ್ತು ಜನ ನಕಲು ಮಾಡುತ್ತಾರೆ.

ಈ ಚೀಟಿಗಳೇ ನಿಮ್ಮ ಕಂಪ್ಯೂಟರ್ ತರಗತಿಯ ಪಾಠ. ಆಯಾ ವಿಭಾಗದ ಚೀಟಿಗಳನ್ನು ಹರಡಿಕೊಂಡು ನೋಡಿದರೆ ಯಾವುದನ್ನು ಹೇಳಬೇಕು, ಯಾವುದನ್ನು ಹೇಳಬೇಕಾಗಿಯೇ ಇಲ್ಲ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಎರವಲಿನ ನಿಯಮ, ದಂಡ, ಸಮಯ ಇವೆಲ್ಲ ಸುತ್ತಿನಲ್ಲೇ ಮುಗಿದಿರುತ್ತವೆ. ತರಗತಿಯನ್ನು ಮೊದಲ ವಾರದಿಂದ ಕಿತ್ತು, ಅಧ್ಯಾಪಕರು ಮೊದಲ ಪ್ರಬಂಧ ಅಥವಾ ಪ್ರಾಜೆಕ್ಟ್ ಕೊಟ್ಟ ವಾರಕ್ಕೆ ಹಾಕಿ. ಇದಕ್ಕೆ ಒಬ್ಬೊಬ್ಬ ಅಧ್ಯಾಪಕರನ್ನೂ ಹೋಗಿ ಕಂಡು ಮಾತಾಡಬೇಕಾಗುತ್ತದೆ. ಸುತ್ತೋಲೆ ಕಳಿಸಿದರೆ ಆಗುವ ಕೆಲಸವಲ್ಲ.

ಕಂಪ್ಯೂಟರಿಗೆ ಇಬ್ಬರು ಎಂಬುದನ್ನು ನಿಲ್ಲಿಸಿ. ಒಬ್ಬರು ಒತ್ತುತ್ತಾರೆ, ಇನ್ನೊಬ್ಬರು ನೋಡುತ್ತಾರೆ. ನೋಡಿದವರಿಗೆ ಏನೂ ಬರುವುದಿಲ್ಲ. 30 ಯಂತ್ರಗಳಿದ್ದರೆ 26 ಜನರನ್ನು ಕರೆಯಿರಿ, ನಾಲ್ಕು ಯಂತ್ರ ಕೆಟ್ಟಾಗ ಬದಲಿಗೆ ಇರಲಿ. ಒಬ್ಬರು ಮುಂದೆ ನಿಂತು ಹೇಳಲು, ಇನ್ನೊಬ್ಬರು ಸಾಲುಗಳ ನಡುವೆ ಓಡಾಡಲು ಬೇಕು. 50 ನಿಮಿಷದ ತರಗತಿಯಲ್ಲಿ ನಿಮ್ಮ ಮಾತು 15 ನಿಮಿಷ ದಾಟದಿರಲಿ.

ಇನ್ನು ನಾನು ಪೆಟ್ಟು ತಿಂದು ಕಲಿತದ್ದು. ಬಹಳ ವರ್ಷಗಳ ಹಿಂದೆ 28 ಜನರ ತರಗತಿಯೊಂದರಲ್ಲಿ ಹಣ ಕೊಟ್ಟು ತರಿಸಿದ ಒಂದು ಡೇಟಾಬೇಸನ್ನು ಎಲ್ಲರೂ ಒಟ್ಟಿಗೆ ತೆರೆಯಿರಿ ಎಂದೆ. ಐದು ಜನರಿಗೆ ತೆರೆಯಿತು. ಉಳಿದವರ ಪರದೆಯಲ್ಲಿ ಬಳಕೆದಾರರ ಮಿತಿ ಮೀರಿದೆ ಎಂಬ ಸಂದೇಶ. ನಮ್ಮ ಪರವಾನಗಿ ಇದ್ದದ್ದೇ ಏಕಕಾಲಕ್ಕೆ ಐದು ಜನರಿಗೆ. ನನ್ನ ಮೇಜಿನಲ್ಲಿ ಒಬ್ಬನೇ ಕುಳಿತು ಪರೀಕ್ಷಿಸಿದಾಗ ಇದು ಕಾಣಲು ಸಾಧ್ಯವೇ ಇರಲಿಲ್ಲ. ಆ ಇಡೀ ಗಂಟೆ ಅವರು ಕಲಿತದ್ದು, ಲೈಬ್ರರಿಯ ಡೇಟಾಬೇಸ್ ಎಂದರೆ ತೆರೆಯದೇ ಇರುವ ವಸ್ತು ಎಂದು. ಅದು ಈಗಲೂ ನನ್ನನ್ನು ಕಾಡುತ್ತದೆ. ನೀವು ಪ್ರತಿ ಡೇಟಾಬೇಸಿನ ಏಕಕಾಲದ ಮಿತಿ ಎಷ್ಟು ಎಂದು ಒಪ್ಪಂದ ತೆಗೆದು ನೋಡಿ, ಕಡಿಮೆ ಇದ್ದರೆ ತರಬೇತಿಯ ದಿನಕ್ಕೆ ಹೆಚ್ಚಿಸಿಕೊಡಲು ಕೇಳಿ. ಇನ್ನೊಂದು ಇದರ ತಮ್ಮ: ಕೋಣೆಯ ಎಲ್ಲ ಯಂತ್ರಗಳೂ ಹೊರಜಗತ್ತಿಗೆ ಒಂದೇ ಐಪಿ ವಿಳಾಸವಾಗಿ (ಅಂತರಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಕಾಣುತ್ತಿದ್ದರೆ, 26 ಜನ ಒಂದೇ ನಿಮಿಷದಲ್ಲಿ ಹುಡುಕಿದಾಗ ಕೆಲವು ವೆಬ್ ತಾಣಗಳು ಇದು ಯಂತ್ರದ ದಾಳಿ ಎಂದು ತಿಳಿದು ತಡೆಯುತ್ತವೆ, "ನೀವು ರೋಬೋಟ್ ಅಲ್ಲವೇ" ಎಂದು ಚಿತ್ರಗಳನ್ನು ಆರಿಸಲು ಹೇಳುತ್ತವೆ. ಹಿಂದಿನ ದಿನ ಸಂಜೆ ನಾಲ್ಕೈದು ಸಹೋದ್ಯೋಗಿಗಳನ್ನು ಕರೆದು ಎಲ್ಲ ಯಂತ್ರಗಳಲ್ಲೂ ಒಟ್ಟಿಗೆ ತೆರೆದು ನೋಡುವುದೊಂದೇ ದಾರಿ. ಪಾಸ್‌ವರ್ಡ್ ಮರೆತವರಿಗೆಂದು ಕೆಲವು ಅತಿಥಿ ಖಾತೆಗಳೂ ಸಿದ್ಧವಿರಲಿ. ಇಲ್ಲದಿದ್ದರೆ ಮೊದಲ ಹತ್ತು ನಿಮಿಷ ಲಾಗಿನ್‌ನಲ್ಲೇ ಹೋಗುತ್ತದೆ.

ಏನು ಕಲಿಸಬೇಕು ಎಂದರೆ, ಒಂದೇ ವಿಷಯ ಕಲಿಸಿ: ತಮ್ಮ ಮಾತಿನಲ್ಲಿರುವ ಪ್ರಶ್ನೆಯನ್ನು ಡೇಟಾಬೇಸಿಗೆ ಅರ್ಥವಾಗುವ ಪದಗಳಿಗೆ ತಿರುಗಿಸುವುದು. ಇದನ್ನು ಅಭ್ಯಾಸ ಮಾಡಿಸಲು ಪಬ್‌ಮೆಡ್ ಒಳ್ಳೆಯ ಜಾಗ. ವೈದ್ಯಕೀಯ ಲೇಖನಗಳ ಈ ಸೂಚಿ ಎಲ್ಲರಿಗೂ ಉಚಿತ, ಪರವಾನಗಿಯ ತೊಡಕಿಲ್ಲ. ಅದರಲ್ಲಿ "ಹಾರ್ಟ್ ಅಟ್ಯಾಕ್" ಎಂದು ಹುಡುಕಿಸಿ, ಆಮೇಲೆ ಅದೇ ವಿಷಯಕ್ಕೆ ಸೂಚಿ ಮಾಡುವವರು ಇಟ್ಟಿರುವ ಅಧಿಕೃತ ಪದ "ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್" ಎಂದು ತೋರಿಸಿ. ಒಂದೇ ಕಾಯಿಲೆಗೆ ಜನರ ಬಾಯಲ್ಲಿ ಒಂದು ಹೆಸರು, ಕ್ಯಾಟಲಾಗಿನಲ್ಲಿ ಇನ್ನೊಂದು. ಇದು ಕಣ್ಣೆದುರು ಕಂಡ ವಿದ್ಯಾರ್ಥಿ ತನ್ನ ವಿಷಯದಲ್ಲೂ ಆ ಇನ್ನೊಂದು ಹೆಸರು ಯಾವುದು ಎಂದು ಹುಡುಕಲು ಶುರುಮಾಡುತ್ತಾನೆ. ಉಳಿದ ಸಮಯ ಅವರವರ ಪ್ರಬಂಧಕ್ಕೆ ಬಿಡಿ. ತರಗತಿ ಮುಗಿಯುವಾಗ ಪ್ರತಿಯೊಬ್ಬರ ಕೈಯಲ್ಲೂ ತಮ್ಮ ವಿಷಯದ ಎರಡು ಲೇಖನಗಳಿದ್ದರೆ ಆ ಗಂಟೆ ಸಾರ್ಥಕ.

ಕೋಣೆಯ ಜೋಡಣೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೋಡೆಗೆ ಆನಿಸಿ ಸುತ್ತ ಇಟ್ಟರೆ ನಡುವೆ ನಿಂತ ನಿಮಗೆ ಎಲ್ಲರ ಪರದೆ ಕಾಣುತ್ತದೆ, ಆದರೆ ಅವರು ಪ್ರಾಜೆಕ್ಟರಿಗೆ ಬೆನ್ನು ಹಾಕಿರುತ್ತಾರೆ. ತಿರುಗುವ ಕುರ್ಚಿ ಇದ್ದರೆ ಇದೇ ಒಳ್ಳೆಯದು. ಸಾಲುಗಳೇ ಇದ್ದು ಬದಲಿಸಲು ಆಗದಿದ್ದರೆ ಓಣಿ ಕನಿಷ್ಠ 90 ಸೆಂ.ಮೀ. ಇರಲಿ, ಗಾಲಿಕುರ್ಚಿ ತಿರುಗಲು ಒಂದು ಕಡೆ ಒಂದೂವರೆ ಮೀಟರ್ ಜಾಗ ಬಿಡಿ. ಪರದೆ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತ. ಅದನ್ನು ಮೂಲೆಯ ಒಂದು ಯಂತ್ರಕ್ಕೆ ಮೀಸಲಿಡದೆ ಎಲ್ಲದರಲ್ಲೂ ಹಾಕಿ, ಕಣ್ಣು ಕಾಣದ ವಿದ್ಯಾರ್ಥಿ ಗೆಳೆಯರ ಪಕ್ಕದಲ್ಲೇ ಕೂರಲಿ.

ಎಲ್ಲರ ಪರದೆಯನ್ನೂ ಒಂದೇ ಕಡೆಯಿಂದ ನೋಡುವ ವೇಯಾನ್‌ನಂಥ ಮುಕ್ತ ತಂತ್ರಾಂಶಗಳಿವೆ. ತರಗತಿಯಲ್ಲಿ ಬಳಸಬಹುದು, ಆದರೆ ನಿಮ್ಮ ಪರದೆ ನನಗೆ ಕಾಣುತ್ತಿದೆ ಎಂದು ಮೊದಲೇ ಹೇಳಿ, ತರಗತಿ ಮುಗಿದೊಡನೆ ನಿಲ್ಲಿಸಿ. ಓದುಗರು ಏನು ಹುಡುಕುತ್ತಾರೆ ಎಂಬುದು ಅವರ ಸ್ವಂತ ವಿಷಯ, ಅದನ್ನು ಕಾಯುವುದು ನಮ್ಮ ವೃತ್ತಿಯ ಮೂಲ ಕರ್ತವ್ಯಗಳಲ್ಲಿ ಒಂದು. ಯಂತ್ರ ಮರುಚಾಲನೆಯಾದಾಗ ಎಲ್ಲವನ್ನೂ ಅಳಿಸಿ ಮೊದಲಿನಂತೆ ಮಾಡುವ ವ್ಯವಸ್ಥೆ ಇದಕ್ಕೆ ಒಳ್ಳೆಯದೇ. ಆದರೆ ಅದು ವಿದ್ಯಾರ್ಥಿ ಡೆಸ್ಕ್‌ಟಾಪಿನಲ್ಲಿ ಉಳಿಸಿದ ಪ್ರಬಂಧವನ್ನೂ ಅಳಿಸುತ್ತದೆ. ಪ್ರತಿ ಪರದೆಯ ಅಂಚಿಗೆ "ಇಲ್ಲಿ ಉಳಿಸಿದ್ದು ಉಳಿಯುವುದಿಲ್ಲ, ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ" ಎಂಬ ಚೀಟಿ ಅಂಟಿಸಿ. ರಾತ್ರಿಯಿಡೀ ಬರೆದದ್ದನ್ನು ಕಳೆದುಕೊಂಡು ಅಳುವ ವಿದ್ಯಾರ್ಥಿಯನ್ನು ಒಮ್ಮೆ ನೋಡಿದವರು ಈ ಚೀಟಿ ಮರೆಯುವುದಿಲ್ಲ.

ತರಗತಿ ಇಲ್ಲದ ಹೊತ್ತಿನಲ್ಲಿ ಬೀಗ ಬೇಡ. ವಾರದ ವೇಳಾಪಟ್ಟಿ ಬಾಗಿಲ ಮೇಲೆ ಹಾಕಿ. ತರಗತಿ ಇಲ್ಲದ ಚೌಕಗಳನ್ನು ಖಾಲಿ ಬಿಡದೆ "ತೆರೆದಿದೆ, ಒಳಗೆ ಬನ್ನಿ" ಎಂದೇ ಬರೆಯಿರಿ. ಖಾಲಿ ಚೌಕ ನೋಡಿದ ಹೊಸಬರು ಒಳಗೆ ಹೋಗಬಹುದೋ ಇಲ್ಲವೋ ಎಂದು ಹಿಂಜರಿದು ಹೊರಟುಹೋಗುತ್ತಾರೆ. ತರಗತಿ ಶುರುವಾಗುವ 15 ನಿಮಿಷ ಮೊದಲು ಒಳಗಿರುವವರಿಗೆ ತಿಳಿಸಿ. ಈ ಕೋಣೆಯನ್ನು ಸ್ವಯಂ ಸುತ್ತಿನ ಒಂದು ತಾಣವನ್ನಾಗಿಯೂ ಮಾಡಿ, ಒಳಗೆ ಹೋಗಿ ಒಮ್ಮೆ ಲಾಗಿನ್ ಮಾಡಿ ಬರಲಿ. ಲಾಗಿನ್ ಆಗದಿದ್ದರೆ ತರಗತಿಯ ದಿನಕ್ಕೆ ಮೊದಲೇ ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ.

ಸುತ್ತನ್ನು ಮುದ್ರಿಸುವ ಮುನ್ನ, ಕಟ್ಟಡಕ್ಕೆ ಎಂದೂ ಕಾಲಿಡದ ಮೂವರನ್ನು ಒಬ್ಬೊಬ್ಬರಾಗಿ ಕರೆಸಿ. ಕೈಬರಹದ ಹಾಳೆ ಕೊಟ್ಟು, ನೀವು ಹತ್ತು ಹೆಜ್ಜೆ ಹಿಂದೆ ಸುಮ್ಮನೆ ನಡೆಯಿರಿ. ದಾರಿ ತಪ್ಪಿದರೂ ಬಾಯಿ ಬಿಡಬೇಡಿ. ನಕ್ಷೆಯಲ್ಲಿ ಅವರು ನಿಂತ ಕಡೆ ಚುಕ್ಕಿ, ವಾಪಸ್ ತಿರುಗಿದ ಕಡೆ ಗೀಟು ಹಾಕಿ. ಮೂವರೂ ತಿರುಗಿದ ಜಾಗದಲ್ಲಿ ತಪ್ಪಿರುವುದು ನಿಮ್ಮ ಫಲಕ.

ಸಮಿತಿಗೆ ಉತ್ತರ ಕೊಡಲು ಇಂದಿನಿಂದಲೇ ಒಂದು ಲೆಕ್ಕ ಇಡಿ. ಸಹಾಯ ಮೇಜಿನಲ್ಲಿ ಒಂದು ಹಾಳೆ, ಮೂರು ಕಾಲಂ: "ಎಲ್ಲಿದೆ", "ಹೇಗೆ ಹುಡುಕುವುದು", "ಯಂತ್ರದ ತೊಂದರೆ". ಬಂದ ಪ್ರತಿ ಪ್ರಶ್ನೆಗೂ ಒಂದು ಗೀಟು. ಹೊಸ ಕ್ರಮ ಶುರುವಾದ ಮೇಲೆ ಒಟ್ಟು ಪ್ರಶ್ನೆಗಳು ಕಡಿಮೆಯಾಗಬೇಕು ಎಂದು ಯಾರಾದರೂ ನಿರೀಕ್ಷಿಸಿದರೆ ಅದು ತಪ್ಪು ನಿರೀಕ್ಷೆ, ಹೆಚ್ಚಾದರೂ ಹೆಚ್ಚಾಗಬಹುದು. ನೋಡಬೇಕಾದದ್ದು ಮೊದಲ ಕಾಲಂ ಇಳಿದು ಎರಡನೆಯದು ಏರುತ್ತಿದೆಯೇ ಎಂದು. ಎಲ್ಲಿದೆ ಎಂದು ಕೇಳುವುದಕ್ಕೂ ನಾಚುತ್ತಿದ್ದವರು ಹೇಗೆ ಹುಡುಕುವುದು ಎಂದು ಬಂದು ಕೇಳುತ್ತಿದ್ದಾರೆ ಎಂದರೆ ಸುತ್ತು ತನ್ನ ಕೆಲಸ ಮಾಡಿದೆ. ಆ ಎರಡನೆಯ ಕಾಲಮ್ಮಿಗೆ ಉತ್ತರ ಸಿಗುವುದು ಕೋಣೆಯಲ್ಲಿ. ಎರಡು ಅವಧಿಗಳ ಹಾಳೆಗಳನ್ನು ಅಕ್ಕಪಕ್ಕ ಜೋಡಿಸಿ, ಬಾಗಿಲಿನ ವೇಳಾಪಟ್ಟಿಯ ಪ್ರತಿಯನ್ನೂ ಸೇರಿಸಿ ಸಮಿತಿಯ ಮುಂದೆ ಇಡಿ.